ಉಪ್ಪು ಬಿದ್ದ ಕಪ್ಪು ನೀರು

ಕಾಡಿಗೆ ಹಿಡಿಯುವ ಬಟ್ಟಲಿನಷ್ಟು ಪುಟ್ಟದೊಂದು ಗಾಜಿನ ತಟ್ಟೆ ನಮ್ಮ ಇಳಕಲ್ಲಿನ ಮನೆಯ ಊಟದ ಮೇಜಿನ ಮೇಲೆ ಕೂತು ನನ್ನ ಎದೆಬಡಿತ ಏರಿಸೀತೆಂದು, ಗೆಳೆಯರೇ, ಈ ವಯಸ್ಸಿನಲ್ಲಿ ನಾನೆಣಿಸಿರಲಿಲ್ಲ. ಅದರಲ್ಲಿದ್ದದ್ದು ಮೊಮ್ಮಗಳು ನೀಲಾ ಬಾಗಲಕೋಟೆಯ ಕಾಲೇಜಿನಲ್ಲಿ ತಯಾರಿಸಿದ ಕಪ್ಪು ದ್ರವ. ಮರುದಿನ ಪರೀಕ್ಷಕರಿಗೆ ತೋರಿಸಬೇಕಾದ ಅವಳ ಇಡೀ ವರ್ಷದ ದುಡಿಮೆ. ತಟ್ಟೆಯಡಿ ಮ್ಯಾಗ್ನೆಟ್ ಹಿಡಿದಳು. ಮೈ ಗಾಡ್! ಹರಿದಾಡುತ್ತಿದ್ದ ನೀರು ಮೈತುಂಬ ಮುಳ್ಳೆಬ್ಬಿಸಿ ನಿಂತಿತು. ಕಾನ್ವೆಂಟಿನಲ್ಲಿ ಸಿಸ್ಟರ್ ಕಾಗದದ ಮೇಲೆ ಉದುರಿಸಿದ ಕಬ್ಬಿಣದ ಪುಡಿ ಸಾಲುಗಟ್ಟಿದ್ದಕ್ಕೇ ಬಾಯಿಬಿಟ್ಟವಳು ನಾನು. ನೀರು ಎದ್ದು ನಿಲ್ಲುವುದೆಂದರೇನು?

"ಇದರಾಗ ಕಣ್ಣಿಗೆ ಕಾಣದಂಥಾ ಕಬ್ಬಿಣದ ಕಣ ಅದಾವಜ್ಜಿ. ಎಲ್ಲಾಕ್ಕೂ ಒಂದೇ ನಮೂನಿ ಚಾರ್ಜ್. ಒಂದನ್ನೊಂದು ದೂಡ್ತಾವು, ಅದಕ್ಕ ತಳಾ ಸೇರೂದಿಲ್ಲ."

ಅಂತರ ಕಾಯ್ದುಕೊಂಡೇ ಒಟ್ಟಿಗಿರುವುದು! ನಾನೂ ನನ್ನ ಹಿರಿಯ ನೆಗೆಣ್ಣಿ, ಭಾವನ ಹೆಂಡತಿ ಗೌರಕ್ಕನೂ ಒಂದೇ ಅಡುಗೆಮನೆಯಲ್ಲಿ ಎರಡು ಒಲೆ ಹೂಡಿ ಬಾಳಿದ ಸ್ಟೆಬಿಲಿಟಿಯೂ ಇಂಥದ್ದೇ ಇರಬೇಕು ಎಂದುಕೊಳ್ಳುವಷ್ಟರಲ್ಲಿ ಆಕೆಯೇ ಬಂದು ಚೀರಿದಳು.

"ಬಸವಾ! ನೀರಿಗೆ ಮುಳ್ಳ? ನಮ್ಮ ಹುಡುಗೀಗೆ ಯಾರದೋ ಕಣ್ಣು ಹತ್ತೇದ!"

ಹರಳುಪ್ಪು ಹಿಡಿದು ನೀಲಾಳ ಮುಖಕ್ಕೆ ನಿವಾಳಿಸಿದಳು. ನೀಲಾ ನಗುತ್ತ ನಿಂತಿದ್ದಳು. ನಿವಾಳಿಸಿದ ಉಪ್ಪನ್ನು ನೀರಿಗೆ ಹಾಕಬೇಕು, ಅದು ಕರಗಿದಂತೆ ದೃಷ್ಟಿಯೂ ಕರಗಬೇಕು; ನಮ್ಮಲ್ಲಿ ಪದ್ಧತಿ. ಹತ್ತಿರವಿದ್ದ ನೀರೆಂದರೆ ಆ ತಟ್ಟೆ.

ನಾನು "ಸ್ಟಾಪ್" ಎನ್ನುವ ಮೊದಲೇ ಉಪ್ಪು ಬಿದ್ದಿತ್ತು. ಕಪ್ಪು ದ್ರವ ಒಡೆದ ಹಾಲಿನಂತಾಗಿ ತಳಕ್ಕಿಳಿಯಿತು. ಮ್ಯಾಗ್ನೆಟ್ ಹಿಡಿದರೆ ಮುಳ್ಳಿಲ್ಲ, ಬರೀ ಕೆಸರು.

"ದೊಡ್ಡಜ್ಜೀ! ಉಪ್ಪು ಆ ದೂಡೋ ಬಲಾನೇ ಅಡಗಿಸಿ ಬಿಡ್ತದ್ರಿ! ನಾಳೆ ನಾ ಏನ್ ತೋರಸ್ಲಿ?"

"ದೃಷ್ಟಿ ತಗದೆನವ್ವಾ..."

"ತಗದಿ ಬಿಡು, ನೀರಿನ ಜೀವಾನ ತಗದಿ," ಎಂದೆ ನಾನು.

ಗೌರಕ್ಕ ತಿರುಗಿ ಬಯ್ಯುವ ಬದಲು ಸೆರಗು ಸಿಗಿಸಿಕೊಂಡು ಮೇಜಿನ ಹತ್ತಿರ ಬಂದಳು. ಅದಕ್ಕೇ ನನಗೆ ಹೆಚ್ಚು ಶಾಕ್.

ನೀಲಾ ಕಣ್ಣೊರೆಸಿಕೊಂಡು, ಕೆಸರು ಜಾರದಂತೆ ಅಡಿಯಲ್ಲಿ ಮ್ಯಾಗ್ನೆಟ್ ಒತ್ತಿ ಹಿಡಿದು, ಉಪ್ಪು ಹೋದರೆ ಕಣಗಳು ಮತ್ತೆ ಒಂದನ್ನೊಂದು ದೂಡಿಯಾವೆಂದು ಉಪ್ಪುನೀರು ಬಸಿದಳು. ಗೌರಕ್ಕ ಫಿಲ್ಟರ್ ನೀರು ಹನಿಸಿದಳು, ನಾನು ತಟ್ಟೆ ಅಲುಗದಂತೆ ಹಿಡಿದೆ. ಬಸಿದು, ಬೆರೆಸಿ, ಮತ್ತೆ ಬಸಿದು, ಕಡೆಗೊಮ್ಮೆ ನೀಲಾ ಮ್ಯಾಗ್ನೆಟ್ ತಂದಳು. ಕಪ್ಪು ನಡುಗಿತಷ್ಟೇ. ಮುಳ್ಳು ಕಂಡು ಚೀರಿದ್ದ ಗೌರಕ್ಕ ಈಗ ಕೈಮುಗಿದು ತಟ್ಟೆಗೆ ಬಾಗಿದಳು:

"ಏಳೋ ನಮ್ಮಪ್ಪಾ. ಒಂದಾದ್ರೂ ಮುಳ್ಳು ಎಬ್ಬಸು."

ಮೊಂಡು ಮುಳ್ಳೊಂದು ಎದ್ದಿತು. ಪಕ್ಕದಲ್ಲಿ, ಅನುಮಾನಿಸುತ್ತ, ಇನ್ನೊಂದು.

"ಇಷ್ಟು ಸಾಕೇನವ್ವಾ ನಾಳಿಗೆ?"

"ಸಾಕ್ರಿ ದೊಡ್ಡಜ್ಜಿ. ಆದ್ರ ಇದಕ್ಕ ಮಾತ್ರ ಯಾರೂ ದೃಷ್ಟಿ ತಗೀಬ್ಯಾಡ್ರಿ."