ನನ್ನ ಪಾಲು ಕುಡಿದವನು

ಇಪ್ಪತ್ತೊಂದು ವರ್ಷ ನನ್ನ ಪಾಲಿನ ಸೋಜು ಸಾರಾಯಿ ಕುಡಿದವನು ಓಕ್ ದೂಶಿಕ್. ಗೋಜೆ ದ್ವೀಪದಲ್ಲಿ ಹಡಗು ಕಟ್ಟುವ ಯಾರ್ಡಿನ ನಮ್ಮ ವೆಲ್ಡಿಂಗ್ ತಂಡಕ್ಕೆ ಅವನೇ ಮೇಸ್ತ್ರಿ. ನನಗಿಂತ ಆರು ವರ್ಷ ದೊಡ್ಡವನು, ಹಾಗಾಗಿ ಅಣ್ಣ. ಗಿಡ್ಡ ಆಳು, ಅಗಲ ಭುಜ, ನಕ್ಕರೆ ಮೂರು ಮನೆಗೆ ಕೇಳುತ್ತಿತ್ತು. ಹಡಗಿನ ಹೊಟ್ಟೆಯೊಳಗೆ, ಗಾಳಿಯಾಡದ ಟ್ಯಾಂಕಿನಲ್ಲಿ ಅಂಗಾತ ಮಲಗಿ ಅವನು ಹಾಕಿದ ಬೆಸುಗೆಯನ್ನು ತಪಾಸಣೆಯವರು ಬೆರಳಿನಿಂದ ಸವರಿ ತಲೆದೂಗುತ್ತಿದ್ದರು. ಅಂಥವನ ಕಥೆಯನ್ನು ಅವನ ಕೆಲಸದಿಂದ ಶುರುಮಾಡಬೇಕಿತ್ತು. ಏನು ಮಾಡಲಿ, ನನಗೆ ಆ ಪುಟ್ಟ ಲೋಟವೇ ಮೊದಲು ನೆನಪಾಗುತ್ತದೆ.

ನನಗೆ ಕುಡಿತ ಆಗಿಬರುವುದಿಲ್ಲ. ಒಂದು ಲೋಟಕ್ಕೆ ಮುಖ, ಕುತ್ತಿಗೆ, ಎದೆಯೆಲ್ಲ ಕೆಂಪಗಾಗಿ ಗುಂಡಿಗೆ ಹೊಡೆದುಕೊಳ್ಳುತ್ತದೆ. ಆದರೆ ನಮಗೆ ಕೆಲಸ ಕೊಟ್ಟ ಗುತ್ತಿಗೆದಾರರು ತಾವೇ ಸುರಿದು ಚಾಚಿದ ಲೋಟವನ್ನು ಬೇಡ ಎನ್ನಲು ಯಾರಿಗೆ ಧೈರ್ಯವಿತ್ತು? ಎರಡೂ ಕೈಯಲ್ಲಿ ಹಿಡಿಯಬೇಕು, ಹಿರಿಯರೆದುರು ಮುಖ ಪಕ್ಕಕ್ಕೆ ತಿರುಗಿಸಿ ಗುಟುಕರಿಸಬೇಕು. ಕೆಲಸಕ್ಕೆ ಸೇರಿದ ವಾರ ತಂಡದ ಊಟದಲ್ಲಿ ನಾನು ಮೂರನೇ ಲೋಟಕ್ಕೇ ಉಪ್ಪಿನಕಾಯಿ ತಟ್ಟೆಯ ಮೇಲೆ ಬೋರಲು ಬಿದ್ದೆ. ಮುಂದಿನ ವಾರ ಮತ್ತೆ ಅದೇ ಅಂಗಡಿ, ಅದೇ ಹಂದಿಮಾಂಸದ ಹೊಗೆ, ಅದೇ ಲೋಟ. ಹಿಡಿದ ಲೋಟವನ್ನು ನಾನು ತುಟಿಗೆ ತರಲಿಲ್ಲ.

"ಏನಯ್ಯಾ, ನಾನು ಕೊಟ್ಟಿದ್ದು ನಿನ್ನ ಗಂಟಲಲ್ಲಿ ಇಳಿಯಲ್ವಾ?" ಎಂದರು ಗುತ್ತಿಗೆದಾರರು.

ದೂಶಿಕಣ್ಣ ಕೈ ಚಾಚಿ ಲೋಟ ಕಿತ್ತುಕೊಂಡ. "ಬಿಡಿ ಸಾಹೇಬ್ರೇ, ಇದು ಏಡಿ. ಸುರಿದ್ರೆ ಬೆಂದು ಕೆಂಪಗಾಗುತ್ತೆ ಅಷ್ಟೇ. ನನ್ನ ಹೊಟ್ಟೆಗೆ ಹಾಕಿ, ಜಾಗ ಇದೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನು ನನ್ನ ಕಿವಿಯ ಹತ್ತಿರ ಬಂದು, "ನಿನ್ನ ಬದಲು ಕುಡಿದೋನು ಏನು ಕೇಳಿದ್ರೂ ನೀನು ನಡೆಸಿಕೊಡ್ಬೇಕು. ಪದ್ಧತಿ ಗೊತ್ತಲ್ಲ?" ಎಂದ.

"ಕೇಳಣ್ಣ."

"ಈಗ್ಲೇ ಕೇಳಿದ್ರೆ ಏನು ಮಜಾ? ಟೈಮ್ ನೋಡಿ ಕೇಳ್ತೀನಿ. ಆಗ ತಪ್ಪಿಸ್ಕೊಂಡ್ರೆ ನೋಡು!"

ಹೀಗೆ ಶುರುವಾಗಿದ್ದು ನಿಲ್ಲಲೇ ಇಲ್ಲ. ವಾರಕ್ಕೆ ಎರಡು ಊಟ, ಒಂದು ಅಂಗಡಿ ಮುಗಿದರೆ ಇನ್ನೊಂದು. ಅವನದೊಂದು ಲೋಟ, ನನ್ನದೊಂದು ಲೋಟ, ಎರಡೂ ಅವನ ಹೊಟ್ಟೆಗೆ. ನಾನು ನೆಟ್ಟಗೆ ಮನೆಗೆ ನಡೆಯುತ್ತಿದ್ದೆ. ಅವನನ್ನು ಹೊತ್ತು ತಂದು ಬಿಡುತ್ತಿದ್ದೆವು. ಅವನ ಹೆಂಡತಿ ಬೊಕ್‌ಸುನ್ ಅತ್ತಿಗೆ ಬೆಳಿಗ್ಗೆ ನಶೆ ಇಳಿಸುವ ಒಣಮೀನಿನ ಸಾರು ಕುದಿಸುತ್ತಾ ನಮ್ಮೆಲ್ಲರ ಜನ್ಮ ಜಾಲಾಡುತ್ತಿದ್ದರು.

"ಗಿಲ್ಮೋ, ನಿನ್ನ ಪಾಲು ನೀನೇ ಕುಡಿ, ಇಲ್ಲಾ ನೆಲಕ್ಕೆ ಚೆಲ್ಲು. ನನ್ನ ಗಂಡ ಏನು ನಿಮ್ಮ ತಂಡದ ಬಚ್ಚಲಾ?"

ನಾನು ಹಲ್ಲು ಕಿರಿಯುತ್ತಿದ್ದೆ. ಎರಡು ಬಟ್ಟಲು ಸಾರು ಕುಡಿದು ಅಣ್ಣನೊಂದಿಗೆ ಕೆಲಸಕ್ಕೆ ಹೋಗುತ್ತಿದ್ದೆ.

ಅವನಿಗೆ ಐವತ್ತನಾಲ್ಕಾದ ವರ್ಷ ಯಾರ್ಡಿನ ಆರೋಗ್ಯ ತಪಾಸಣೆಯಲ್ಲಿ ಲಿವರ್ ಕೆಟ್ಟಿದೆ ಎಂದು ಬಂತು. ಮುಂದಿನ ವರ್ಷವೂ ಹೀಗೇ ಇದ್ದರೆ ಟ್ಯಾಂಕಿನ ಕೆಲಸವಿಲ್ಲ, ಎತ್ತರದ ಕೆಲಸವಿಲ್ಲ ಎಂದರು ಡಾಕ್ಟರು. ಅತ್ತಿಗೆ ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಸಿಂಕಿಗೆ ಸುರಿದರು. ಇವನು ಹತ್ತು ದಿನ ಬಿಟ್ಟ. ಹನ್ನೊಂದನೆಯ ದಿನ ತಂಡದ ಊಟವಿತ್ತು.

ಮರುವರ್ಷ ಆರೋಗ್ಯ ತಪಾಸಣೆಯ ಬಸ್ಸು ಯಾರ್ಡಿಗೆ ಬರುವ ಹಿಂದಿನ ದಿನ ಅವನು ನನ್ನನ್ನು ಗ್ಯಾಸ್ ಸಿಲಿಂಡರುಗಳ ಶೆಡ್ಡಿನ ಹಿಂದೆ ಕರೆದುಕೊಂಡು ಹೋದ.

"ಗಿಲ್ಮೋ, ಕೇಳೋ ಟೈಮ್ ಬಂತು. ನಾಳೆ ನೀನು ಎರಡು ಸಲ ರಕ್ತ ಕೊಡು. ಒಂದು ನಿನ್ನ ಹೆಸರಲ್ಲಿ, ಇನ್ನೊಂದು ನನ್ನ ಚೀಟಿ ಹಿಡ್ಕೊಂಡು."

"ಅಣ್ಣಾ, ಇದು ಹುಡುಗಾಟ ಅಲ್ಲ."

"ಟ್ಯಾಂಕಿಂದ ಆಚೆ ಹಾಕಿದ್ರೆ ನಾನೇನು ಮಾಡ್ಲೋ? ಗೇಟಲ್ಲಿ ಕೂತು ಸೈಕಲ್ ಎಣಿಸ್ಲಾ? ನಿನಗೋಸ್ಕರ ಎಷ್ಟು ಲೋಟ ಕುಡಿದೆ, ನನಗೋಸ್ಕರ ಇಷ್ಟೇ ಇಷ್ಟು ರಕ್ತ ಕೊಡೋಕಾಗಲ್ವಾ?"

ಈ ಮಾತಿಗೆ ನಾನು ಸೋತೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಬೆಳಿಗ್ಗೆ ಎಡಗೈ ಚಾಚಿದೆ. ಎರಡು ತಾಸು ಬಿಟ್ಟು, ಹೆಲ್ಮೆಟ್ಟು ಮಾಸ್ಕು ಹಾಕಿಕೊಂಡು ಇನ್ನೊಂದು ಸಾಲಿನಲ್ಲಿ ನಿಂತು ಬಲಗೈ ಚಾಚಿದೆ. ಆ ಉಡುಪಿನಲ್ಲಿ ನಾವೆಲ್ಲ ಒಂದೇ. ನರ್ಸು ತಲೆ ಎತ್ತದೆ, "ಓಕ್ ದೂಶಿಕ್ ಅವರಾ?" ಎಂದಳು. "ಹೌದಮ್ಮಾ" ಎಂದೆ. ಸುಳ್ಳು ಹೇಳಿದೆ ಎಂದು ಅನಿಸಲೇ ಇಲ್ಲ. ಅಣ್ಣನ ಋಣ ಸ್ವಲ್ಪ ತೀರಿತು ಎಂದು ಹಗುರವಾಗಿ ಕೆಲಸಕ್ಕೆ ಹೋದೆ.

ಫಲಿತಾಂಶ ಬಂತು, ಎಲ್ಲವೂ ಸರಿಯಾಗಿತ್ತು. ಅತ್ತಿಗೆ ಕಣ್ಣೊರೆಸಿಕೊಂಡು ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. "ನೋಡು ಗಿಲ್ಮೋ, ಸುಮ್ನೆ ಬೈದೆ ಪಾಪ. ಇವರ ಲಿವರ್ ಕಬ್ಬಿಣ ಕಣೋ" ಎಂದು ನನಗೂ ಒಂದು ಬಟ್ಟಲು ಸಾರು ಬಡಿಸಿದರು. ಆ ಕಾಗದದ ಕಡೆ ನೋಡದೆ ಸಾರು ಕುಡಿದೆ.

ಅವತ್ತಿನಿಂದ ಅತ್ತಿಗೆ ಬೈಯುವುದನ್ನು ಬಿಟ್ಟರು. ಅವನನ್ನು ತಡೆಯಲು ಇದ್ದದ್ದು ಅವರ ಬಾಯಿ ಒಂದೇ. ಅದನ್ನು ಮುಚ್ಚಿಸಿದವನು ನಾನು. ನಾಲ್ಕು ವರ್ಷ ಹೀಗೇ ರಕ್ತ ಕೊಟ್ಟೆ, ನಾಲ್ಕು ಕಾಗದ ಬಂದವು. ಕೊನೆಯ ವಸಂತದಲ್ಲಿ ಅವನ ಕಣ್ಣಿನ ಬಿಳಿ ಹಳದಿಯಾಗಿತ್ತು. ಅತ್ತಿಗೆ ಆಸ್ಪತ್ರೆಗೆ ಹೋಗೋಣ ಎಂದರೆ ಫ್ರಿಜ್ಜಿನತ್ತ ಕೈ ತೋರಿಸಿ, "ಓದೋಕೆ ಬರುತ್ತಲ್ಲ, ಓದು" ಎನ್ನುತ್ತಿದ್ದನಂತೆ.

ಜೂನ್ ತಿಂಗಳ ಒಂದು ಮಧ್ಯಾಹ್ನ ಊಟದ ಮೇಜಿನ ಮೇಲೆಯೇ ರಕ್ತ ಕಾರಿಕೊಂಡ. ಬುಸಾನಿನ ಆಸ್ಪತ್ರೆಯಲ್ಲಿ, ಲಿವರ್ ಕಲ್ಲಾಗಿ ಹೋಗಿದೆ, ಇದು ವರ್ಷಗಟ್ಟಲೆಯ ಕಾಯಿಲೆ ಎಂದರು. ಅತ್ತಿಗೆ ನಾಲ್ಕೂ ಕಾಗದಗಳನ್ನು ಹಾಸಿಗೆಯ ಮೇಲೆ ಹರಡಿ, "ಹಾಗಾದ್ರೆ ಇದೇನು ಡಾಕ್ಟ್ರೇ?" ಎಂದು ಕೇಳಿದರು. ಡಾಕ್ಟರಿಗೂ ತಿಳಿಯಲಿಲ್ಲ. ಅಣ್ಣ ನನ್ನ ಕಡೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದ. ಅತ್ತಿಗೆ ನೀರಿಗೆ ಹೋದಾಗ ನನ್ನ ತೋಳು ಹಿಡಿದುಕೊಂಡ.

"ಇನ್ನೊಂದು ಕೇಳ್ತೀನಿ, ಇದೇ ಕೊನೇದು. ಅವಳಿಗೆ ಹೇಳ್ಬೇಡ."

"ಆಯ್ತಣ್ಣ" ಎಂದೆ. ಹನ್ನೊಂದು ದಿನಕ್ಕೆ ಹೋಗಿಬಿಟ್ಟ.

ಮರುವರ್ಷ ಶರತ್ಕಾಲದ ಹಬ್ಬಕ್ಕೆ ಅತ್ತಿಗೆಯೊಂದಿಗೆ ಅವನ ಸಮಾಧಿಯ ಹುಲ್ಲು ಕೊಯ್ಯಲು ಹೋದೆ. ಹುಲ್ಲು ಕೊಯ್ದು, ಹಣ್ಣು, ಒಣಮೀನು ಇಟ್ಟು, ಅತ್ತಿಗೆ ಲೋಟದಲ್ಲಿ ಸೋಜು ಎಡೆ ಇಟ್ಟು ನಮಸ್ಕರಿಸಿದರು. ಆಮೇಲೆ ಹುಲ್ಲಿನ ಮೇಲೆ ಕುಳಿತು, ಕುಡುಗೋಲು ಒರೆಸುತ್ತಾ, ಯಾರಿಗೋ ಹೇಳುವಂತೆ ಮಾತಾಡಿದರು.

"ತಪ್ಪೆಲ್ಲ ನಂದೇ ಗಿಲ್ಮೋ. ಕಣ್ಣು ಹಳದಿ ಆಗಿದ್ದು ನಾನು ನೋಡಿದ್ದೆ. ಕಾಗದ ನಂಬ್ಕೊಂಡು ಸುಮ್ನಾದೆ. ಗಂಡನ ಮುಖ ನಂಬದೆ ಕಾಗದ ನಂಬಿದೆ. ಎಂಥಾ ಹೆಂಗಸು ನಾನು!"

ಅಣ್ಣನಿಗೆ ಕೊಟ್ಟ ಮಾತು ಅಲ್ಲಿಗೆ ಮುಗಿಯಿತು. ಈ ಹೆಂಗಸು ನನ್ನ ತಪ್ಪನ್ನು ತಲೆಯ ಮೇಲೆ ಹೊತ್ತು ತಿರುಗುವುದನ್ನು ನೋಡುತ್ತಾ ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ಅತ್ತಿಗೆ, ಆ ಕಾಗದದಲ್ಲಿ ಇರೋದು ನನ್ನ ರಕ್ತ. ನಾಲ್ಕೂ ವರ್ಷ."

ಅತ್ತಿಗೆಗೆ ಮೊದಲು ಅರ್ಥವಾಗಲಿಲ್ಲ. ಬಸ್ಸು, ಚೀಟಿ, ಮಾಸ್ಕು, ಎಲ್ಲವನ್ನೂ ಬಿಡಿಸಿ ಹೇಳಿದೆ. ಕೈಯಲ್ಲಿದ್ದ ಕುಡುಗೋಲನ್ನು ಅವರು ಮೆಲ್ಲಗೆ ಕೆಳಗಿಟ್ಟರು.

"ಅಂದ್ರೆ ನಾಲ್ಕು ವರ್ಷ ನಾನು ನಿನ್ನ ಲಿವರ್ ಚೆನ್ನಾಗಿದೆ ಅಂತ ಹಿಗ್ಗಿದ್ನಾ?"

ಬೈಯಲಿ, ಹೊಡೆಯಲಿ ಎಂದು ಕಾದೆ. ಅವರು ಎರಡನ್ನೂ ಮಾಡಲಿಲ್ಲ. ಸಮಾಧಿಯ ಮುಂದಿನ ಲೋಟ ತೆಗೆದು, ಅಂಚಿನವರೆಗೆ ತುಂಬಿ ಒಂದೇ ಕೈಯಲ್ಲಿ ಚಾಚಿದರು.

"ಕುಡಿ. ನಿನ್ನ ಪಾಲು."

ಎರಡೂ ಕೈಯಲ್ಲಿ ಹಿಡಿದೆ. ಅಭ್ಯಾಸಬಲದಿಂದ ಮುಖ ಪಕ್ಕಕ್ಕೆ ತಿರುಗಿತು.

"ಆ ಕಡೆ ತಿರುಗ್ಬೇಡ. ನನ್ನ ಮುಖ ನೋಡ್ಕೊಂಡು ಕುಡಿ" ಎಂದರು ಅತ್ತಿಗೆ.

ನೋಡಿಕೊಂಡೇ ಕುಡಿದೆ. ಗಂಟಲು ಸುಟ್ಟಿತು, ಮುಖವೆಲ್ಲ ಉರಿಯಿತು. ಅತ್ತಿಗೆ ಮತ್ತೆ ಲೋಟ ತುಂಬಿದರು.