ಅಜ್ಜಿಯ ಮೊದಲ ತುತ್ತು

ಮೊಮ್ಮಗಳು ಈಶಾ ಡಬ್ಬಿಯಲ್ಲಿದ್ದ ಬಣ್ಣದ ಮಣಿಗಳನ್ನು ಸ್ಟೀಲ್ ತಟ್ಟೆಗೆ ಸುರಿದು ಅಲ್ಲಾಡಿಸಿದಳು. ಸರ್ ಸರ್ ಎಂಬ ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಇಂದಿರಾಪುರಂನ ಈ ಎತ್ತರದ ಫ್ಲ್ಯಾಟಿನಿಂದ ಯಾರೋ ನನ್ನನ್ನು ಎತ್ತಿಕೊಂಡು ಹೋಗಿ ಡೆಲ್ಲಿಯ ಆರ್.ಕೆ.ಪುರಂನ ಹಳೆಯ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಕೂರಿಸಿದಂತಾಯಿತು. ಅದೇ ಚಳಿಗಾಲದ ಎಳೆಬಿಸಿಲು, ಗೋಣಿಚೀಲದ ಧೂಳಿನ ವಾಸನೆ, ಹುಳು ಬೀಳದಿರಲೆಂದು ಅಕ್ಕಿಗೆ ಹಾಕಿದ ಒಣ ಬೇವಿನೆಲೆಯ ಕಹಿ ಘಮ. ನಡುವೆ ಕಾಲು ಚಾಚಿಕೊಂಡು, ಮಡಿಲಲ್ಲಿ ಮೊರ ಇಟ್ಟುಕೊಂಡ ನನ್ನಜ್ಜಿ. ಅಪ್ಪನ ತಾಯಿ.

ಅಪ್ಪ ಸರ್ಕಾರಿ ಕಚೇರಿಯಲ್ಲಿ ಜವಾನ. ರಜೆಯ ದಿನ ಡೆಲ್ಲಿಯ ಕನ್ನಡದವರ ಮನೆಗಳಲ್ಲಿ ನಾಮಕರಣ, ಸೀಮಂತಕ್ಕೆ ಅಡುಗೆ ಮಾಡುತ್ತಿದ್ದ. ಆಗಿನ ರೇಷನ್ ಅಕ್ಕಿ ನಿಮಗೂ ನೆನಪಿರಬಹುದು, ಅಕ್ಕಿಯಷ್ಟೇ ಕಲ್ಲು. ಅದನ್ನು ಆರಿಸುವುದು ಅಜ್ಜಿಯ ಕೆಲಸ. ಬೇರೆಯವರು ಮೊರ ಮುಟ್ಟುವಂತಿರಲಿಲ್ಲ. ಮನೆಯಲ್ಲಾಗಲಿ, ಅಪ್ಪ ಅಡುಗೆಗೆ ಹೋದಲ್ಲಾಗಲಿ, ನಮ್ಮದೊಂದು ಪದ್ಧತಿಯಿತ್ತು. ನೈವೇದ್ಯ ಆದ ಮೇಲೆ, ಪಂಕ್ತಿಗೆ ಬಡಿಸುವ ಮೊದಲು, ಅಕ್ಕಿ ಆರಿಸಿದವರು ಎಲ್ಲರ ಎದುರು ಅನ್ನದ ಮೊದಲ ತುತ್ತು ತಿನ್ನಬೇಕು. ಅಜ್ಜಿ ಕಣ್ಣು ಮುಚ್ಚಿ ನಿಧಾನವಾಗಿ ಅಗಿದು, ನುಂಗಿ, "ಬಡ್ಸಪ್ಪಾ" ಅನ್ನುತ್ತಿದ್ದಳು. ಆ ಗಳಿಗೆಯಲ್ಲಿ ಅವಳ ಮುಖ ನೋಡಬೇಕಿತ್ತು ನೀವು. ಹಾಸನ ಬಿಟ್ಟು ಮನಸ್ಸಿಲ್ಲದ ಮನಸ್ಸಿನಿಂದ ಈ ಊರಿಗೆ ಬಂದವಳಿಗೆ ಇಲ್ಲಿ ಸಿಕ್ಕ ಮರ್ಯಾದೆ ಅದೊಂದೇ.

ಒಂದು ಸೀಮಂತದ ಊಟದಲ್ಲಿ ಅದೂ ಹೋಯಿತು. ಹಿರಿಯರೊಬ್ಬರು ಕಟಕ್ ಎಂದು ಕಲ್ಲು ಕಡಿದರು. ಹಲ್ಲು ಮುರಿದು ಪತ್ರಾವಳಿಯ ಅನ್ನದ ಮೇಲೆ ರಕ್ತ ಬಿತ್ತು. ಅಪ್ಪ ಸೌಟು ಹಿಡಿದುಕೊಂಡು ನಿಂತೇಬಿಟ್ಟ. ಮನೆಗೆ ಬಂದದ್ದೇ ಅಮ್ಮ ಒಂದು ಕಪ್ಪು ಕಲ್ಲನ್ನು ಬಿಳಿ ಬಟ್ಟೆಯ ಮೇಲಿಟ್ಟು, "ಇದು ಕಾಣುತ್ತಾ ಅತ್ತೆ?" ಎಂದು ಕೇಳಿದಳು. ಅಜ್ಜಿ ಕೂಡಲೇ ಅದರ ಮೇಲೆ ಬೆರಳಿಟ್ಟಳು.

"ಇದು ಕಾಣುತ್ತೆ, ಆಕಾಶದಲ್ಲಿ ಚುಕ್ಕಿ ಆಗಿರೋ ಗಾಳಿಪಟ ಕಾಣುತ್ತೆ, ಮೊರದಲ್ಲಿರೋ ಕಲ್ಲು ಮಾತ್ರ ಕಾಣಲ್ಲ! ಮಗನ ಹೆಸರು ಕೆಟ್ಟರೆ ವಾಪಸ್ ಹಾಸನಕ್ಕೆ ಗಂಟು ಕಟ್ಟಬಹುದು ಅಂತ ತಾನೇ?" ಎಂದು ಅಮ್ಮ ಸಿಡಿದಳು.

"ಒಂದೇ ಇದ್ರೆ ಕಾಣುತ್ತೆ ಕಣಮ್ಮ. ಎಲ್ಲಾ ಒಟ್ಟಿಗೆ ಇದ್ರೆ ಕಲ್ಲೂ ಅಕ್ಕೀನೇ ಆಗ್ಬಿಡುತ್ತೆ."

ಯಾರೂ ನಂಬಲಿಲ್ಲ. ನಂಬುವುದಾದರೂ ಹೇಗೆ? ಕಣ್ಣು ಕಾಣಬೇಕು, ಇಲ್ಲವೇ ಕಾಣಬಾರದು. ನಮಗೆ ಗೊತ್ತಿದ್ದದ್ದು ಅಷ್ಟೇ. ಅಪ್ಪ ಹೊಸ ಕನ್ನಡಕವನ್ನೂ ಕೊಡಿಸಿದ. ಆಮೇಲೂ ಕಲ್ಲು ಬಂದಾಗ ಅವನೂ ತಾಯಿಯ ಜೊತೆ ಮಾತು ಬಿಟ್ಟ. ಮೊರ ನನ್ನ ಕೈಗೆ ಬಂತು. ಬೆಳಗಿನ ಬಿಸಿಲೆಲ್ಲ ಅಕ್ಕಿಗೇ ಬೇಕಾಗಿ ನಾಲ್ಕನೇ ಕ್ಲಾಸಿಗೆ ನನ್ನ ಸ್ಕೂಲು ಮುಗಿಯಿತು. ಮೊದಲ ತುತ್ತೂ ನನ್ನದಾಯಿತು. ನಾನು ಅಗಿಯುವಾಗ ಅಜ್ಜಿ ನನ್ನ ಗಂಟಲನ್ನೇ ನೋಡುತ್ತಿದ್ದಳು. ಹಿತ್ತಿಲ ಬಿಸಿಲಿಗೆ ಬರುವುದನ್ನು ಬಿಟ್ಟು ಒಳಗೆ ಗೋಡೆ ಕಡೆ ಮುಖ ಮಾಡಿ ಕೂರತೊಡಗಿದಳು. "ಕಲ್ಲು ಸಿಕ್ತೇನೆ?" ಎಂದು ಗುಟ್ಟಾಗಿ ನನ್ನನ್ನು ಕೇಳುವುದಷ್ಟೇ ಅವಳ ಮಾತಾಗಿತ್ತು. ಮುಂದಿನ ಚಳಿಗಾಲದಲ್ಲಿ, ಬೇಕಂತಲೇ ಕಲ್ಲು ಬಿಟ್ಟವಳು ಅನ್ನಿಸಿಕೊಂಡೇ ಸತ್ತಳು. ಹೆಣದ ಬಾಯಿಗೆ ಹಾಕುವ ಅಕ್ಕಿಯನ್ನು ಆರಿಸಿದವಳೂ ನಾನೇ. ಅದರಲ್ಲೂ ಕಲ್ಲಿರಬಾರದಲ್ಲ.

ಇಷ್ಟೆಲ್ಲ ನೆನಪಿನಲ್ಲಿ ಮುಳುಗಿದ್ದಾಗ ಈಶಾ ಕೈ ಜಗ್ಗಿದಳು. "ಅಜ್ಜಿ, ಪರ್ಪಲ್ ವಾಲಾ ಕೊಡು ನಾ." ತಟ್ಟೆಯ ತುಂಬಾ ಹುಡುಕಿದೆ. ಸಿಗಲಿಲ್ಲ. "ಅರೆ, ಸಾಮ್ನೆ ಹೀ ತೋ ಇದೆ!" ಎಂದು ನನ್ನ ಬೆರಳಿನ ಪಕ್ಕದಿಂದಲೇ ಎತ್ತಿಕೊಂಡಳು. ಎತ್ತಿದ ಮೇಲೆ ನನಗೂ ಸ್ಪಷ್ಟವಾಗಿ ಕಂಡಿತು. ಸಂಜೆ ಮನೆಯಲ್ಲಿ ಹೇಳಿದೆ.

ಮಗಳು ಸುಮಾ ಮಾರನೆಯ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಎಲ್ಲ ನೋಡಿ ಹಿಂದಿಯಲ್ಲಿ ವಿವರಿಸಿದರು. ಕಣ್ಣು ಚೆನ್ನಾಗಿದೆಯಂತೆ. ಆದರೆ ನೋಡುವುದು ಕಣ್ಣೊಂದೇ ಅಲ್ಲವಂತೆ; ಕಣ್ಣು ತಂದು ಸುರಿದದ್ದನ್ನು ಇದು ಬೇರೆ, ಅದು ಬೇರೆ ಎಂದು ಆರಿಸುವುದು ಮೆದುಳಂತೆ. ಯಾವ ಕಾಯಿಲೆ ಇಲ್ಲದವರಲ್ಲೂ ವಯಸ್ಸಾದ ಹಾಗೆ ಆ ಆರಿಸುವ ಕೆಲಸ ನಿಧಾನವಾಗುತ್ತದಂತೆ. ಒಂಟಿಯಾಗಿದ್ದರೆ ತಟ್ಟನೆ ಕಾಣುವ ವಸ್ತು ಗುಂಪಿನಲ್ಲಿ ಕಳೆದುಹೋಗುತ್ತದಂತೆ.

ನಾನು ಇನ್ನೊಂದು ಸಲ ಹೇಳಿಸಿದೆ. ಆಮೇಲೆ ಕುರ್ಚಿಯಿಂದ ಎದ್ದು ಆ ಹುಡುಗಿಯ ಎರಡೂ ಕೈ ಹಿಡಿದು ನಕ್ಕೆ, ಅತ್ತೆ, ಮತ್ತೆ ನಕ್ಕೆ.

"ಅಮ್ಮಾ, ಎಲ್ಲರೂ ನೋಡ್ತಿದಾರೆ. ವಯಸ್ಸಾಯ್ತು ಅಂದಿದ್ದಕ್ಕೆ ಇಷ್ಟು ಖುಷಿನಾ?" ಎಂದು ಸುಮಾ ಸೆರಗು ಎಳೆದಳು.

"ನಮ್ಮಜ್ಜಿ ಸುಳ್ಳು ಹೇಳಿರ್ಲಿಲ್ಲ ಕಣೇ! ಅಕ್ಷರ ಬರದೋಳು, ಇದೇ ಮಾತು ಹೇಳಿದ್ಲು!"

ಸಂತೋಷ ಎದೆಯಲ್ಲಿ ಹಿಡಿಸುತ್ತಿರಲಿಲ್ಲ. ಆಟೋದಲ್ಲಿ ಕೂತ ಮೇಲೆ, ಓಡಿಹೋಗಿ ಹೇಳಬೇಕು ಅನ್ನಿಸಿತು. ಯಾರಿಗೆ? ಅಪ್ಪ ಇಲ್ಲ, ಅಮ್ಮ ಇಲ್ಲ. ಆ ಕ್ವಾರ್ಟರ್ಸನ್ನೂ ಕೆಡವಿದ್ದಾರೆ. ಹಿತ್ತಿಲಿದ್ದ ಕಡೆ ತಗಡಿನ ಬೇಲಿ, ಬೇಲಿಯಾಚೆ ದೊಡ್ಡ ಗುಂಡಿ.

ಮನೆಗೆ ಬಂದು ಅನ್ನ ಮಾಡಿದೆ. ಪ್ಯಾಕೆಟ್ಟಿನ ಅಕ್ಕಿ, ಹುಡುಕಿದರೂ ಕಲ್ಲು ಸಿಗದು. ಮೊದಲ ತುತ್ತನ್ನು ಬೇರೆ ತಟ್ಟೆಗೆ ಹಾಕಿ ಮೇಜಿನ ತುದಿಗೆ, ಹಿರಿಯರು ಕೂರುವ ಜಾಗದಲ್ಲಿಟ್ಟೆ. ಈಶಾ ಯಾರಿಗೆಂದು ಕೇಳಿದಳು. ಎಲ್ಲ ಹೇಳಿದೆ. ಅವಳು ಚಮಚ ಕೆಳಗಿಟ್ಟು ಕೇಳಿದಳು: "ಅಚ್ಛಾ... ಫಿರ್ ಅವರಿಗೆ ಸಾರಿ ಯಾರು ಹೇಳಿದ್ರು?"

"ಹೇಳಬೇಕಾದೋರು ಯಾರೂ ಉಳಿದಿಲ್ಲ ಪುಟ್ಟಿ."

ಅವಳ ತಟ್ಟೆಗೆ ಬಡಿಸಲು ಸೌಟು ಎತ್ತಿದೆ. ಕೈ ಅಲ್ಲೇ ನಿಂತಿತು. "ಬಡ್ಸಪ್ಪಾ" ಎಂಬ ಆ ದನಿ ಕೇಳಿದ ಮೇಲಲ್ಲವೇ ನಮ್ಮಲ್ಲಿ ಬಡಿಸುತ್ತಿದ್ದದ್ದು. ಅನ್ನ ಆರುವವರೆಗೂ ಹಾಗೇ ಕಾದೆ.