ಗೇರ್‌ಬಾಕ್ಸಿನ ಜಿಡ್ಡು

ಬೀದಿಯವರೆಲ್ಲ ಗೇರ್ ಮಾವ ಎನ್ನುತ್ತಿದ್ದ ಮೆಕ್ಯಾನಿಕ್‌ಗೆ ಬಗ್ಗದ ಗಾಡಿಯಿರಲಿಲ್ಲ. ಅವನ ಅಪ್ಪ ಬಿಟ್ಟುಹೋದ ಹಳೇ ಕಾರಿನ ಗೇರ್‌ಬಾಕ್ಸ್ ಸೋರುವುದು ಮಾತ್ರ ಜಪ್ಪಯ್ಯ ಅಂದರೂ ನಿಲ್ಲಲಿಲ್ಲ. ಎಣ್ಣೆ ತಡೆಯುವ ಅದರ ರಬ್ಬರ್ ಸೀಲನ್ನು ಈಗ ಯಾರೂ ತಯಾರಿಸುವುದಿಲ್ಲ. ಸವೆದ ಸೀಲಿನ ಸುತ್ತ ಅಪ್ಪನ ಕಾಲದಿಂದ ಗಟ್ಟಿಯಾಗಿ ಕೂತ ಜಿಡ್ಡೇ ಎಣ್ಣೆಯನ್ನು ತಡೆದಿತ್ತು. ಒಂದೆರಡು ಹನಿ ಬಿದ್ದರೆ ಬೀಳಲಿ ಎಂದು ಅವನು ಅದನ್ನು ಮುಟ್ಟುತ್ತಿರಲಿಲ್ಲ.

ಅವನು ಸೊಂಟ ಹಿಡಿದುಕೊಂಡು ಮಲಗಿದ್ದ ವಾರ, ಹೆಂಡತಿ ಕಾರಿನಡಿ ನುಸುಳಿ, ಸೀಮೆಎಣ್ಣೆ ಹಾಕಿ ಗೇರ್‌ಬಾಕ್ಸನ್ನು ಉಜ್ಜಿಯೇ ಉಜ್ಜಿದಳು.

"ಬಂದು ನೋಡ್ರೀ, ಹೇಗೆ ಫಳಫಳ ಅಂತಿದೆ! ನೀವಂತೂ ಮುಟ್ಟೋದೇ ಇಲ್ಲ."

ಅವನು ಗೋಡೆ ಹಿಡಿದುಕೊಂಡು ಬಂದು ಬಗ್ಗಿ ನೋಡಿದ. ಎಣ್ಣೆ ಈಗ ಹನಿಯಾಗಿ ಅಲ್ಲ, ದಾರದಂತೆ ಇಳಿಯುತ್ತಿತ್ತು. ಅವಳ ಉಗುರುಗಳೆಲ್ಲ ಕಪ್ಪಾಗಿದ್ದವು.

"ಚೆನ್ನಾಗಿದೆ ಕಣೇ," ಎಂದವನು ಬಕೆಟ್ಟಿಗಾಗಿ ಸುತ್ತ ಕಣ್ಣಾಡಿಸಿದ.